ಸುಝೌ: ಕಿವಿಗೊಟ್ಟು ನೋಡಬೇಕಾದ ಊರು

ಕೇಳುಗರೇ, ನಮಸ್ಕಾರ.

ಶಾಂಘೈಗೆ ಹೋದವರಿಗೆ ಶನಿವಾರ, ಭಾನುವಾರ ಬಿಡುವು ಸಿಕ್ಕರೆ ನಾನು ಹೇಳುವುದು ಒಂದೇ ಮಾತು: ಸುಝೌಗೆ ಹೋಗಿ. ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ. ಆದರೆ ಆ ರೈಲಿನ ಅವಸರವನ್ನು ನಿಲ್ದಾಣದಲ್ಲೇ ಇಳಿಸಿ ಬನ್ನಿ.

ಕ್ರಿ.ಪೂ. 514ರಲ್ಲಿ ವೂ ರಾಜ್ಯದ ದೊರೆ ಹೆಲೂ ಕಟ್ಟಿಸಿದ ರಾಜಧಾನಿ ಇದು. ಇಲ್ಲಿ ಹಲವು ಬೀದಿಗಳಿಗೆ ಜೋಡಿಯಾಗಿ ಒಂದು ಕಾಲುವೆ. ಮನೆಯ ಮುಂಬಾಗಿಲು ಕಲ್ಲುಹಾಸಿನ ದಾರಿಗೆ ತೆರೆದರೆ, ಹಿತ್ತಿಲ ಮೆಟ್ಟಿಲು ನೀರಿಗೆ ಇಳಿಯುತ್ತದೆ. 1229ರಲ್ಲಿ ಈ ಊರಿನ ನಕ್ಷೆಯನ್ನು ಕಲ್ಲಿನಲ್ಲಿ ಕೆತ್ತಿಟ್ಟರು. ಅದರಲ್ಲಿ ಕಾಣುವ ಪಿಂಗ್‌ಜಿಯಾಂಗ್ ಬೀದಿಯೂ ಪಕ್ಕದ ಕಾಲುವೆಯೂ ಇಂದಿಗೂ ಅಲ್ಲೇ ಇವೆ. ಬೆಳಿಗ್ಗೆ ಬೇಗ ಹೋದರೆ ಅದು ಊರಿನವರ ಬೀದಿ. ಹತ್ತು ಗಂಟೆಯ ಮೇಲೆ ಸೆಲ್ಫಿಯವರ ಬೀದಿ.

ಊರಿನ ಉದ್ಯಾನಗಳು 1997ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಒಂದು ಸಾಕು, ಝುವೊಝೆಂಗ್ ಯುವಾನ್. ಅಧಿಕಾರದಿಂದ ಬೇಸತ್ತು ಊರಿಗೆ ಮರಳಿದ ವಾಂಗ್ ಷಿಯಾನ್‌ಚೆನ್ ಎಂಬ ಮಿಂಗ್ ಕಾಲದ ಅಧಿಕಾರಿ, ಹದಿನಾರನೇ ಶತಮಾನದ ಆರಂಭದಲ್ಲಿ ಮಾಡಿಸಿದ್ದು. ಅಪ್ಪ ಇಷ್ಟು ಆಸ್ಥೆಯಿಂದ ಕಟ್ಟಿದ್ದನ್ನು ಮಗ ಒಂದೇ ರಾತ್ರಿಯ ಜೂಜಿನಲ್ಲಿ ಸೋತನಂತೆ. ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಈ ತೋಟದ ಒಳಗುಟ್ಟು ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುತ್ತದೆ. ಅಲ್ಲಿ ಮಳೆ ಕೇಳುವುದಕ್ಕೆಂದೇ ಒಂದು ಮಂಟಪವಿದೆ. ಅದರ ಸುತ್ತ ಬಾಳೆ ನೆಟ್ಟಿದ್ದಾರೆ, ಹಣ್ಣಿಗಲ್ಲ, ಎಲೆಯ ಮೇಲೆ ಹನಿ ಬೀಳುವ ಸದ್ದಿಗೆ! ಇನ್ನೊಂದು ಕಡೆ, ಒಣಗಿದ ತಾವರೆ ಎಲೆಯ ಮೇಲಿನ ಮಳೆಗೂ ಇಂಥದೇ ಏರ್ಪಾಡು. ಹಾಗಾಗಿ ಮೋಡ ಕವಿದರೆ ಬೇಸರಪಡಬೇಡಿ, ಟಿಕೆಟ್ಟಿನ ದುಡ್ಡು ಆಗಲೇ ಪೂರ್ತಿ ವಸೂಲಾಗುವುದು. ಕೊಳದ ಪೂರ್ವ ತುದಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ದೂರದಲ್ಲೊಂದು ಗೋಪುರ ತೋಟದೊಳಗೇ ಇದ್ದಂತೆ ಕಾಣುತ್ತದೆ. ಅದು ಬೇಲಿಯಾಚೆ, ಊರಿನ ಉತ್ತರದ ಬೌದ್ಧ ದೇಗುಲದ್ದು. ತನ್ನದಲ್ಲದ ಗೋಪುರವನ್ನು ಖರ್ಚಿಲ್ಲದೆ ತನ್ನದಾಗಿಸಿಕೊಂಡ ಈ ಜಾಣತನಕ್ಕೆ ನಾನು ತಲೆದೂಗಿದೆ.

ಸಂಜೆಗೆ ಶಾಂತಾಂಗ್ ಬೀದಿ. ಕವಿ ಬಾಯ್ ಜೂಯಿ 825ರಲ್ಲಿ ಇಲ್ಲಿಗೆ ಆಡಳಿತಾಧಿಕಾರಿಯಾಗಿ ಬಂದಾಗ, ಊರಿನಿಂದ ಹುಲಿಬೆಟ್ಟದ ಕಡೆಗೆ ಕಾಲುವೆ ತೋಡಿಸಿ, ಬದಿಯಲ್ಲಿ ಏರಿ ಹಾಕಿಸಿದ. ಆ ಏರಿಯೇ ಇಂದಿನ ಬೀದಿ. ಹುಲಿಬೆಟ್ಟದ ಮೇಲೆ 961ರಲ್ಲಿ ಮುಗಿದ ಇಟ್ಟಿಗೆಯ ಗೋಪುರ ವಾಲಿಕೊಂಡೇ ನಿಂತಿದೆ.

ಇದೇ ಹೊತ್ತಿಗೆ ಚಹಾದಂಗಡಿಗಳಲ್ಲಿ ಪಿಂಗ್‌ತಾನ್ ಶುರುವಾಗಿರುತ್ತದೆ. ಒಬ್ಬರ ಕೈಯಲ್ಲಿ ಪಿಪಾ ಎಂಬ ತಂತಿವಾದ್ಯ, ಇನ್ನೊಬ್ಬರ ಕೈಯಲ್ಲಿ ಮೂರು ತಂತಿಯ ಸಾನ್‌ಶಿಯಾನ್. ಮಾತು, ಹಾಡು, ನಗೆಚಾಟಿಕೆ ಎಲ್ಲ ಸೇರಿದ ಕಥೆ. ನಮ್ಮ ಹರಿಕಥೆಯ ರುಚಿ ಬಲ್ಲವರಿಗೆ ಕೂತಲ್ಲೇ ಒಗ್ಗುತ್ತದೆ. ಭಾಷೆ ಸುಝೌನ ವೂ ನುಡಿ. ಬೀಜಿಂಗಿನವರಿಗೂ ಅದು ಅರ್ಥವಾಗದು, ಆದ್ದರಿಂದ ನಮಗೆ ಸಂಕೋಚವೇಕೆ? ಜೊತೆಗೆ ಬಿಲುವೊಚುನ್ ಹಸಿರು ಚಹಾ ತರಿಸಿ. ತಾಯ್‌ಹು ಸರೋವರದ ದಂಡೆಯ ಗುಡ್ಡಗಳಲ್ಲಿ ಹಣ್ಣಿನ ಮರಗಳ ನಡುವೆ ಬೆಳೆದದ್ದು. ಹಾಲು, ಸಕ್ಕರೆ ಮಾತ್ರ ಕೇಳಬೇಡಿ.

ಭಾನುವಾರ ಪಾನ್‌ಮೆನ್ ನೋಡಿ. ಜನಕ್ಕೊಂದು, ದೋಣಿಗೊಂದು ಬಾಗಿಲಿರುವ ಕೋಟೆದ್ವಾರ. ಈಗಿರುವುದು 1351ರಲ್ಲಿ ಮತ್ತೆ ಕಟ್ಟಿದ್ದು. ಸಮೀಪದಲ್ಲೇ ಮಹಾಕಾಲುವೆ. ಬೀಜಿಂಗಿನಿಂದ ಹಾಂಗ್‌ಝೌವರೆಗೆ ಸುಮಾರು 1,800 ಕಿಲೋಮೀಟರ್ ಉದ್ದದ ಈ ಜಲಮಾರ್ಗದ ದಕ್ಷಿಣ ಭಾಗದಲ್ಲಿ ಸರಕಿನ ದೋಣಿಗಳು ಇಂದಿಗೂ ಓಡಾಡುತ್ತವೆ. ಪ್ರವಾಸಿಗಳಿಗಾಗಿ ಅಲ್ಲ, ಹೊಟ್ಟೆಪಾಡಿಗಾಗಿ.

ಹೊರಡುವ ಮುನ್ನ ವಾಸ್ತುಶಿಲ್ಪಿ ಐ.ಎಂ. ಪೇಯಿ ವಿನ್ಯಾಸದ ವಸ್ತುಸಂಗ್ರಹಾಲಯಕ್ಕೆ ಹೋಗಲು ಮರೆಯಬೇಡಿ. 2006ರಲ್ಲಿ ತೆರೆದದ್ದು, ಝುವೊಝೆಂಗ್ ಯುವಾನ್‌ನ ಪಕ್ಕದಲ್ಲೇ. ಪ್ರವೇಶ ಉಚಿತ, ಆದರೆ ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಸೋಮವಾರ ರಜೆ.

ನಮಸ್ಕಾರ.