ಹಾಸನದ ಕಲ್ಲು ನೋಡುವ ಮೊದಲು ಒಂದು ಪುಸ್ತಕ

ಈಗ ನೀವು ನೋಡುತ್ತಿರುವುದು ಹಾಸನದ ಮಹಾರಾಜ ಪಾರ್ಕ್. ಮಕ್ಕಳನ್ನು ಆಡಿಸಲು, ಸಂಜೆ ವಾಕಿಂಗ್ ಮಾಡಲು ಜನ ಬರುತ್ತಾರೆ. ಜಿಲ್ಲಾ ಸರ್ಕಾರಿ ಮ್ಯೂಸಿಯಂ ಇರುವುದೂ ಈ ಪಾರ್ಕಿನಲ್ಲೇ. ಆದರೆ ನನ್ನ ಮಾತು ಕೇಳುವುದಾದರೆ, ಮ್ಯೂಸಿಯಂಗಿಂತ ಮೊದಲು ಲೈಬ್ರರಿಗೆ ಹೋಗಿ. ಉಲ್ಟಾ ಅನ್ನಿಸುತ್ತದೆ, ಅಲ್ವಾ?

ಕಾರಣ ಇದೆ. ಶಾಸನದ ಕಲ್ಲಿನ ಮುಂದೆ ಸುಮ್ನೆ ನಿಂತರೆ ನಮಗೆ ಕಾಣುವುದು ಗೀಟುಗಳು ಮಾತ್ರ. ಅದನ್ನು ಓದಿ ಹೇಳುವ ಪುಸ್ತಕದ ಹೆಸರು 'ಎಪಿಗ್ರಾಫಿಯಾ ಕರ್ನಾಟಿಕ'. ಬಿ. ಎಲ್. ರೈಸ್ ಎಂಬ, ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರವರು ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲೆವಾರು ಸೇರಿಸಿ ಅಚ್ಚು ಹಾಕಿಸಿದರು. ಹಾಸನದ್ದು ಐದನೇ ಸಂಪುಟ, 1902ರದ್ದು. ಆಗ ಕಡೂರು ಜಿಲ್ಲೆ ಎನ್ನುತ್ತಿದ್ದ ಚಿಕ್ಕಮಗಳೂರಿನದ್ದು ಆರನೆಯದು, ಅದು ಒಂದು ವರ್ಷ ಮೊದಲೇ ಬಂತು. ಒಂದೊಂದು ತಾಲ್ಲೂಕಿನ ಶಾಸನಗಳಿಗೂ ಬೇರೆಯಾಗಿ ನಂಬರು ಕೊಟ್ಟಿದ್ದಾರೆ. ಮೂಲ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ.

ತಮಾಷೆ ಏನೆಂದರೆ, ನಮ್ಮ ಜಿಲ್ಲೆಯ ಅತಿ ಹೆಸರುವಾಸಿ ಶಾಸನವೇ ಹಾಸನದ ಸಂಪುಟದಲ್ಲಿಲ್ಲ! ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು 1936ರಲ್ಲಿ. ಎರಡೂವರೆ ಅಡಿ ಎತ್ತರ, ಒಂದು ಅಡಿ ಅಗಲ, ಅಷ್ಟೇ. ಸುಮಾರು 450ನೇ ಇಸವಿಯದ್ದು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರು ಕೊಟ್ಟ ಲೆಕ್ಕ ಅದರಲ್ಲಿದೆ. ಆ ಪಲ್ಮಿಡಿಯೇ ಇವತ್ತಿನ ಹಲ್ಮಿಡಿ. ಮೂಲ ಕಲ್ಲು ಮೈಸೂರಿಗೆ ಹೋಯಿತು, ಊರಿನಲ್ಲಿರುವುದು ಪ್ರತಿಕೃತಿ. ಕಲ್ಲು ಸುರಕ್ಷಿತವಾಗಿದೆ, ನಿಜ. ಆದರೂ ಊರಿನವರಿಗೆ ನಕಲು, ಊರ ಹೊರಗೆ ಅಸಲು ಎನ್ನುವುದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಹಳೇಬೀಡಿನಲ್ಲಿ ನೋಡಿ, ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಶಿಲ್ಪ ನೋಡಿ ತಲೆ ಎತ್ತಿದರೆ ದೇವಸ್ಥಾನ.

ವೀರಗಲ್ಲು ಕಂಡರೆ ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಇಷ್ಟು ಗೊತ್ತಿದ್ದರೆ ಹೊಲದ ಬದುವಿನಲ್ಲಿ ವಾಲಿಕೊಂಡಿರುವ ಕಲ್ಲೂ ಕಥೆ ಹೇಳುತ್ತದೆ.

ಇನ್ನು ಲೈಬ್ರರಿ ವಿಷಯ. ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆದದ್ದು 1965ರಲ್ಲಿ, ಮರುವರ್ಷ ನವೆಂಬರ್ 1ಕ್ಕೆ ಇಲಾಖೆ ಶುರುವಾಯಿತು. ಖರ್ಚಿಗೆ ದುಡ್ಡು? ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಶೇಕಡಾ 6 ಸೇರಿರುತ್ತದೆ. ದುಡ್ಡು ಕೊಟ್ಟಾಗಿದೆ, ಒಳಗೆ ಹೋಗಲು ಯಾಕೆ ಸಂಕೋಚ? ಪರೀಕ್ಷೆಗೆ ಓದುವ ಹುಡುಗರಿಗೆ ಮಾತ್ರ ಅಲ್ಲ ಅದು. ಜಿಲ್ಲೆಯ ಶಾಸನ ಸಂಪುಟ ಇದೆಯಾ ಎಂದು ಕೇಳಿ. ನಿಮ್ಮ ತಾಲ್ಲೂಕಿನ ಪುಟಗಳಲ್ಲಿ ನಿಮ್ಮ ಊರು ಹುಡುಕಿ. ಸಿಕ್ಕರೆ ಊರಿನ ಹೆಸರು, ಶಾಸನದ ನಂಬರು ಎರಡನ್ನೂ ಕಾಮೆಂಟಿನಲ್ಲಿ ಹಾಕಿ. ಮುಂದಿನ ವಿಡಿಯೋಗೆ ಅದರಲ್ಲೇ ಒಂದು ಊರು ಆರಿಸಿಕೊಳ್ಳುತ್ತೇನೆ.