ಶುಕ್ರವಾರದ ತೀರ್ಪು

ಎಲ್ಲರಿಗೂ ನಮಸ್ಕಾರ.

ಹೊಸ ಸಿನಿಮಾ ಬಿಡುಗಡೆಯಾದ ದಿನ ಚಿತ್ರಮಂದಿರದ ಬಾಗಿಲಲ್ಲಿ ನಿಂತು ಹೊರಗೆ ಬರುವವರ ಮಾತು ಕೇಳಿ. ಅವೇ ನಾಲ್ಕೈದು ಮಾತು ಕಿವಿಗೆ ಬೀಳುತ್ತವೆ. "ಸೂಪರ್." "ಸುಮಾರಾಗಿದೆ." "ಒಂದ್ಸಲ ನೋಡಬಹುದು." "ಸೆಕೆಂಡ್ ಹಾಫ್ ಎಳೆದಿದ್ದಾರೆ." "ಏನೋ ಮಿಸ್ ಹೊಡೀತಿದೆ." ಸಂಜೆಯೊಳಗೆ ಇದೇ ಮಾತುಗಳು ನಕ್ಷತ್ರಗಳಾಗಿ, ಅಂಕಿಗಳಾಗಿ ಫೋನಿನಲ್ಲಿ ಓಡಾಡುತ್ತವೆ. ಅದನ್ನು ನೋಡಿ ಇನ್ನೊಬ್ಬರು ಟಿಕೆಟ್ ತೆಗೆದುಕೊಳ್ಳುತ್ತಾರೆ, ಇಲ್ಲವೇ ಮನೆಯಲ್ಲೇ ಉಳಿಯುತ್ತಾರೆ.

ನಾನು ಹೇಳಬೇಕೆಂದಿರುವುದು ದೊಡ್ಡ ವಿಷಯವೇನಲ್ಲ. ಬಿಡುಗಡೆಯ ವಾರದಲ್ಲಿ ನಾವು ಹೇಳುವ ಅಭಿಪ್ರಾಯದಲ್ಲಿ ಸಿನಿಮಾದ ಪಾಲು ಎಷ್ಟಿರುತ್ತದೋ, ನಾವು ಹೊತ್ತುಕೊಂಡು ಹೋದ ನಿರೀಕ್ಷೆಯ ಪಾಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಂತ ಬಾಯಿ ಮುಚ್ಚಿಕೊಂಡಿರಿ ಎನ್ನುತ್ತಿಲ್ಲ. ಮಾತಾಡಿ, ಜಾಸ್ತಿಯೇ ಮಾತಾಡಿ. ತೀರ್ಪು ಮಾತ್ರ ಸ್ವಲ್ಪ ಕಾಯಲಿ. ಮೊದಲು ಕಂಡದ್ದನ್ನು ಹೇಳೋಣ.

1982ರ ಜೂನ್ 25ರಂದು ಅಮೆರಿಕದ ಚಿತ್ರಮಂದಿರಗಳಿಗೆ ಒಂದೇ ದಿನ ಎರಡು ಚಿತ್ರ ಬಂದವು. ಒಂದು ರಿಡ್ಲಿ ಸ್ಕಾಟ್ ನಿರ್ದೇಶನದ 'ಬ್ಲೇಡ್ ರನ್ನರ್'. ಇನ್ನೊಂದು ಜಾನ್ ಕಾರ್ಪೆಂಟರ್ ನಿರ್ದೇಶನದ 'ದಿ ಥಿಂಗ್'. ಎರಡೂ ನಿರೀಕ್ಷಿಸಿದಷ್ಟು ಓಡಲಿಲ್ಲ. ಒಂದನ್ನು ತುಂಬಾ ನಿಧಾನ ಎಂದರು, ಇನ್ನೊಂದನ್ನು ಅಸಹ್ಯ ಎಂದರು. ಅದಕ್ಕೆ ಎರಡು ವಾರ ಮುಂಚೆ, ಜೂನ್ 11ಕ್ಕೆ, ಸ್ಪೀಲ್‌ಬರ್ಗ್ ಅವರ 'ಇ.ಟಿ.' ಬಂದಿತ್ತು. ಬೇರೆ ಲೋಕದ ಒಂದು ಮುದ್ದು ಜೀವಿ, ಅದನ್ನು ಬಚ್ಚಿಟ್ಟು ಕಾಪಾಡುವ ಹುಡುಗ. ಜನ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬರುತ್ತಿದ್ದರು. ಅಂಥ ಹೊತ್ತಲ್ಲಿ, ಮನುಷ್ಯರ ಮೈಯೊಳಗೆ ಹೊಕ್ಕು ಅವರ ರೂಪವನ್ನೇ ತಾಳುವ ಜೀವಿಯ ಕಥೆ ಯಾರಿಗೆ ಬೇಕಿತ್ತು?

ಇವತ್ತು ಆ ಎರಡೂ ಚಿತ್ರಗಳನ್ನು ತಮ್ಮ ತಮ್ಮ ಬಗೆಯಲ್ಲಿ ಮೇಲ್ಪಂಕ್ತಿ ಎಂದೇ ನೋಡುತ್ತಾರೆ. 'ಬ್ಲೇಡ್ ರನ್ನರ್' ಲೆಕ್ಕ ಸ್ವಲ್ಪ ಬೇರೆ, ಒಪ್ಪುತ್ತೇನೆ. ಅದು 1992ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಬೇರೆ ಸಂಕಲನದಲ್ಲಿ ಬಂತು. ನಾವು ಹೊಗಳುತ್ತಿರುವುದು ಹೆಚ್ಚಾಗಿ ಆ ತಿದ್ದಿದ ರೂಪವನ್ನು. 'ದಿ ಥಿಂಗ್' ಹಾಗಲ್ಲ. ಅವತ್ತು ಬೈಸಿಕೊಂಡ ಚಿತ್ರವನ್ನೇ ಇವತ್ತೂ ನೋಡುತ್ತಿದ್ದೇವೆ. ಬದಲಾದದ್ದು ನೋಡುವವರು ಮಾತ್ರ.

ನಿರೀಕ್ಷೆ ಎಲ್ಲಿಂದ ಬರುತ್ತದೆ? ಬಹುಪಾಲು ಪ್ರಚಾರದಿಂದ. ಟ್ರೇಲರ್ ಮಾಡುವವರು ಬೇರೆ, ಸಿನಿಮಾ ಮಾಡುವವರು ಬೇರೆ. ಟ್ರೇಲರ್‌ನ ಕೆಲಸ ಕಥೆ ಹೇಳುವುದಲ್ಲ, ಮೊದಲ ವಾರ ಸೀಟು ತುಂಬಿಸುವುದು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಇದೆ. 1970ರ ದಶಕದ ಕೊನೆಯಿಂದ ಅದು ಮಾಡುತ್ತಿರುವುದು ಒಂದೇ ಕೆಲಸ. ಬಿಡುಗಡೆಯ ದಿನ ಪ್ರೇಕ್ಷಕರ ಕೈಗೆ ಒಂದು ಚೀಟಿ ಕೊಟ್ಟು, ಶಾಲೆಯ ಪರೀಕ್ಷೆಯ ಹಾಗೆ ಎ ಪ್ಲಸ್‌ನಿಂದ ಎಫ್‌ವರೆಗೆ ಶ್ರೇಣಿ ಕೇಳುತ್ತದೆ. ಎಫ್ ಬರುವುದು ಅಪರೂಪ. ಆದರೆ ಬಂದಿರುವ ಚಿತ್ರಗಳನ್ನು ನೋಡಿ. ಸ್ಟೀವನ್ ಸೋಡರ್‌ಬರ್ಗ್ ಅವರ 2002ರ 'ಸೋಲಾರಿಸ್' ಅದರಲ್ಲಿದೆ. ಡ್ಯಾರನ್ ಅರೊನೊಫ್‌ಸ್ಕಿ ಅವರ 2017ರ 'ಮದರ್!' ಇದೆ. ಇಬ್ಬರೂ ಕೆಲಸ ಗೊತ್ತಿಲ್ಲದವರಲ್ಲ. ಪ್ರಚಾರ ನೋಡಿದವರು ಜಾರ್ಜ್ ಕ್ಲೂನಿಯ ಪ್ರೇಮಕಥೆ ಎಂದುಕೊಂಡು ಒಂದಕ್ಕೆ ಹೋದರು. ಜೆನಿಫರ್ ಲಾರೆನ್ಸ್ ಇರುವ ದೆವ್ವದ ಸಿನಿಮಾ ಇರಬೇಕು ಎಂದುಕೊಂಡು ಇನ್ನೊಂದಕ್ಕೆ ಹೋದರು. ಒಳಗೆ ಸಿಕ್ಕಿದ್ದೇ ಬೇರೆ. ಸಿಟ್ಟು ಬಂತು, ಎಫ್ ಬಿತ್ತು. 'ಮದರ್!' ನನಗೂ ಪೂರ್ತಿ ಹಿಡಿಸಿಲ್ಲ. ಕೊನೆಯ ಅರ್ಧ ಗಂಟೆ ಸಾಂಕೇತಿಕತೆಯನ್ನು ತಲೆಗೆ ಬಡಿದು ಹೇಳಿದ ಹಾಗಿದೆ. ಆದರೂ ಎಫ್ ಕೊಡುವ ಚಿತ್ರವಲ್ಲ ಅದು. ಆ ಎಫ್ ನ್ಯಾಯವಾಗಿ ಪೋಸ್ಟರ್‌ಗೆ ಸೇರಬೇಕು.

ಇನ್ನು ಶೇಕಡಾವಾರು ಅಂಕಿಗಳು. ವಿಮರ್ಶೆಗಳನ್ನು ಒಟ್ಟುಗೂಡಿಸಿ ತೋರಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್ 1998ರಲ್ಲಿ ಶುರುವಾಯಿತು. ಅಲ್ಲಿ ಒಂದು ಚಿತ್ರಕ್ಕೆ 90 ಎಂದು ಕಂಡರೆ, ನೂರಕ್ಕೆ ತೊಂಬತ್ತು ಅಂಕ ಎಂದು ತುಂಬಾ ಜನ ಓದುತ್ತಾರೆ. ಹಾಗಲ್ಲ. ನೂರು ವಿಮರ್ಶಕರಲ್ಲಿ ತೊಂಬತ್ತು ಜನ 'ಪರವಾಗಿಲ್ಲ' ಅಥವಾ ಅದಕ್ಕಿಂತ ಮೇಲು ಎಂದಿದ್ದಾರೆ, ಅಷ್ಟೇ. ಎಲ್ಲರೂ ಹತ್ತಕ್ಕೆ ಆರು ಕೊಟ್ಟ ಸಪ್ಪೆ ಸಿನಿಮಾಗೆ ಅಲ್ಲಿ 100 ಬರಬಹುದು. ಅರ್ಧ ಜನ ಹತ್ತಕ್ಕೆ ಹತ್ತು ಕೊಟ್ಟು, ಇನ್ನರ್ಧ ಜನ ಬೈದ ಸಿನಿಮಾಗೆ 50 ಬರುತ್ತದೆ. 60ಕ್ಕಿಂತ ಕೆಳಗೆ ಬಂದರೆ ಕೊಳೆತ ಟೊಮ್ಯಾಟೊ ಎಂದು ಹಸಿರು ಗುರುತು. ನನ್ನನ್ನು ಕೇಳಿದರೆ ಆ 50ರ ಸಿನಿಮಾಗೆ ಮೊದಲು ಹೋಗುತ್ತೇನೆ. ಜನ ಜಗಳ ಆಡುತ್ತಿದ್ದಾರೆ ಎಂದರೆ ಅಲ್ಲಿ ಏನೋ ನಡೆದಿದೆ. ಎಲ್ಲರೂ ತಲೆಯಾಡಿಸಿದ ಚಿತ್ರ ಚೆನ್ನಾಗಿರಬಹುದು, ಯಾರನ್ನೂ ಮುಟ್ಟದೆಯೂ ಇರಬಹುದು. ಅಂಕಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಮೊದಲ ದಿನದ ಗಳಿಕೆಯನ್ನೂ ಅಭಿಪ್ರಾಯ ಎಂದು ಬೀಗುವವರಿದ್ದಾರೆ. ಸ್ವಲ್ಪ ಯೋಚಿಸಿ. ಮೊದಲ ದಿನ ಟಿಕೆಟ್ ತೆಗೆದುಕೊಂಡವರು ಯಾರು? ಆ ಸಿನಿಮಾವನ್ನು ಇನ್ನೂ ನೋಡದವರು. ಹಾಗಾದರೆ ಆ ಗಳಿಕೆ ಸಿನಿಮಾ ನೋಡದವರ ಅಭಿಪ್ರಾಯ, ಅಲ್ವಾ? 1975ರಲ್ಲಿ 'ಜಾಸ್' ಒಮ್ಮೆಲೇ 400ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಬಂದದ್ದು ಆಗ ದೊಡ್ಡ ಸುದ್ದಿ. ಅದಕ್ಕೂ ಮೊದಲು ದೊಡ್ಡ ಚಿತ್ರಗಳೂ ಹೆಚ್ಚಾಗಿ ಕೆಲವೇ ಊರುಗಳಲ್ಲಿ ಶುರುವಾಗಿ, ಬಾಯಿಂದ ಬಾಯಿಗೆ ಹೆಸರು ಹರಡಿದ ಮೇಲೆ ಬೇರೆ ಕಡೆ ಹೋಗುತ್ತಿದ್ದವು. ಈಗ ಸಾವಿರಾರು ಪರದೆಗಳಲ್ಲಿ ಒಂದೇ ದಿನ. ಬಾಯಿಮಾತು ಹುಟ್ಟುವ ಹೊತ್ತಿಗೆ ಪರದೆ ಖಾಲಿಯಾಗಿ ಇನ್ನೊಂದು ಚಿತ್ರ ಬಂದಿರುತ್ತದೆ. 1994ರ 'ದಿ ಶಾಶಾಂಕ್ ರಿಡೆಂಪ್ಷನ್' ಸುಮಾರು ಎರಡೂವರೆ ಕೋಟಿ ಡಾಲರ್ ಖರ್ಚಿನ ಚಿತ್ರ. ಮೊದಲ ಸುತ್ತಿನಲ್ಲಿ ಆ ಖರ್ಚೂ ಹುಟ್ಟಲಿಲ್ಲ. ಏಳು ಆಸ್ಕರ್ ನಾಮನಿರ್ದೇಶನ ಬಂತು, ಪ್ರಶಸ್ತಿ ಒಂದೂ ಬರಲಿಲ್ಲ. ಜನ ಅದನ್ನು ಕಂಡುಕೊಂಡದ್ದು ಬಾಡಿಗೆ ವೀಡಿಯೊ ಕ್ಯಾಸೆಟ್‌ನಲ್ಲಿ, ಟಿವಿಯಲ್ಲಿ. ಐಎಂಡಿಬಿ ಎಂಬ ಸಿನಿಮಾ ಜಾಲತಾಣದ ಓದುಗರ ಪಟ್ಟಿಯಲ್ಲಿ ಅದು ಎಷ್ಟೋ ವರ್ಷದಿಂದ ಮೊದಲನೆಯದು.

ಹೊಗಳಿಕೆಯ ಸಾಲುಗಳ ಬಗ್ಗೆ ಸುಮ್ನೆ ಒಂದು ಮಾತು. 2001ರಲ್ಲಿ ಒಂದು ಗುಟ್ಟು ರಟ್ಟಾಯಿತು. ಸೋನಿ ಕಂಪನಿಯ ಚಿತ್ರಗಳ ಜಾಹೀರಾತುಗಳಲ್ಲಿ ಡೇವಿಡ್ ಮ್ಯಾನಿಂಗ್ ಎಂಬ ವಿಮರ್ಶಕರ ಮೆಚ್ಚುಗೆ ಅಚ್ಚಾಗುತ್ತಿತ್ತು. ನ್ಯೂಸ್‌ವೀಕ್ ಪತ್ರಿಕೆ ವಿಚಾರಿಸಿದಾಗ ಗೊತ್ತಾದದ್ದು, ಅಂಥ ವ್ಯಕ್ತಿಯೇ ಇರಲಿಲ್ಲ. ಕಂಪನಿಯ ಪ್ರಚಾರ ವಿಭಾಗದಲ್ಲೇ ಹುಟ್ಟಿದವರು ಅವರು. ಇವತ್ತು ಅಷ್ಟು ಕಷ್ಟಪಡಬೇಕಾಗಿಲ್ಲ ಬಿಡಿ.

ಅಭಿಪ್ರಾಯ ಕೆಡಿಸುವ ಇನ್ನೊಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ನೋಡಿದ ಪರದೆ ಹೇಗಿತ್ತು? ಪರದೆಯ ನಡುವೆ ಬೆಳಕು 14 ಫುಟ್-ಲ್ಯಾಂಬರ್ಟ್ (ಹೊಳಪು ಅಳೆಯುವ ಮಾನ) ಇರಬೇಕು ಎಂಬುದು ಡಿಜಿಟಲ್ ಸಿನಿಮಾದ ಅಳತೆ. ಪ್ರೊಜೆಕ್ಟರ್ ದೀಪ ಹಳತಾದಂತೆ ಮಂಕಾಗುತ್ತದೆ. ತ್ರೀಡಿ ಕನ್ನಡಕ ಹಾಕಿದರೆ ಇನ್ನೂ ಮಂಕು. ಆಗ "ಛಾಯಾಗ್ರಹಣ ಕತ್ತಲಾಗಿದೆ" ಎಂದು ಬರೆಯುತ್ತೇವೆ, ಪಾಪ, ಬೈಸಿಕೊಳ್ಳುವವರು ಛಾಯಾಗ್ರಾಹಕರು. ಶಬ್ದದ್ದೂ ಇದೇ ಕಥೆ. ಡಾಲ್ಬಿ ಯಂತ್ರದಲ್ಲಿ ಧ್ವನಿಯ ಮಟ್ಟ 7 ಇರಬೇಕು ಎಂದು ಲೆಕ್ಕ. ಚಿತ್ರದ ಧ್ವನಿ ಹದ ಮಾಡುವವರು ಆ ಮಟ್ಟ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ಜಾಸ್ತಿ ಗಲಾಟೆ ಎಂದು ಯಾರಾದರೂ ದೂರಿದರೆ ಚಿತ್ರಮಂದಿರದವರು 5ಕ್ಕೋ 4ಕ್ಕೋ ಇಳಿಸುತ್ತಾರೆ. ಆಗ ಹೊಡೆದಾಟದ ಸದ್ದು ಹಿತವಾಗುತ್ತದೆ, ಪಿಸುಮಾತು ಮಾಯವಾಗುತ್ತದೆ. "ಮಾತು ಅರ್ಥವಾಗಲಿಲ್ಲ" ಎನ್ನುವ ಮೊದಲು, ಬೇರೆ ಪರದೆಯಲ್ಲಿ ನೋಡಿದ ಒಬ್ಬರನ್ನು ಕೇಳಿ ನೋಡಿ. ಹಾಗೆಂದು ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹಾಕಲಾಗದು. ಸಂಗೀತದ ಅಬ್ಬರದಲ್ಲಿ ಬೇಕಂತಲೇ ಮಾತು ಮುಳುಗಿಸುವ ನಿರ್ದೇಶಕರೂ ಇದ್ದಾರೆ. ನನಗೆ ಅದು ಸಿಟ್ಟು ತರಿಸುತ್ತದೆ.

ಈಗ ನನಗೆ ಬಹಳ ಮುಖ್ಯ ಎನಿಸುವ ಭಾಗಕ್ಕೆ ಬರುತ್ತೇನೆ. "ಸೆಕೆಂಡ್ ಹಾಫ್ ಎಳೆದಿದ್ದಾರೆ" ಎಂಬ ಮಾತನ್ನೇ ತೆಗೆದುಕೊಳ್ಳಿ. ಈ ದೂರು ಸುಳ್ಳಲ್ಲ. ಬೇಸರ ನಿಜವಾಗಿಯೂ ಬಂದಿರುತ್ತದೆ. ಆದರೆ ಕಾರಣ ಮಾತ್ರ ತಪ್ಪಾಗಿ ಹೇಳುತ್ತೇವೆ. ಉದ್ದ ಜಾಸ್ತಿಯಾಯಿತು, ಇಪ್ಪತ್ತು ನಿಮಿಷ ಕತ್ತರಿಸಬೇಕಿತ್ತು ಎನ್ನುತ್ತೇವೆ. ಬೇಸರ ಉದ್ದದಿಂದ ಬರುವುದು ಕಡಿಮೆ. ಮುಂದೇನು ಎಂಬ ಪ್ರಶ್ನೆ ಸತ್ತುಹೋದಾಗ ಬೇಸರ ಬರುತ್ತದೆ. ಕೊಲೆ ಮಾಡಿದ್ದು ಯಾರು ಎಂದು ಅರ್ಧಕ್ಕೇ ಹೇಳಿಬಿಟ್ಟು, ಅದರ ಬದಲಿಗೆ ಇನ್ನೊಂದು ಪ್ರಶ್ನೆ ಹುಟ್ಟಿಸದಿದ್ದರೆ, ಉಳಿದದ್ದು ಎಷ್ಟೇ ಚುರುಕಾಗಿ ಓಡಿದರೂ ಎಳೆದಂತೆಯೇ. ನಾಯಕನಿಗೆ ಈ ದೃಶ್ಯದಲ್ಲಿ ಏನು ಬೇಕು, ಅದು ಸಿಗದಿದ್ದರೆ ಅವನು ಕಳೆದುಕೊಳ್ಳುವುದೇನು ಎಂದು ಗೊತ್ತಿಲ್ಲದಿದ್ದರೆ ಹತ್ತು ಕಾರು ಹಾರಿಸಿದರೂ ಆಕಳಿಕೆ ಬರುತ್ತದೆ. ಇದಕ್ಕೆ ಎದುರಾಗಿ, ಮೂರು ಗಂಟೆ ಕೂರಿಸಿಯೂ ಗಡಿಯಾರ ನೋಡಲು ಬಿಡದ ಚಿತ್ರಗಳನ್ನು ನೀವೂ ನೋಡಿದ್ದೀರಿ. ಹಾಗಾಗಿ ಮುಂದಿನ ಸಲ ಎಲ್ಲಿ ಎಳೆಯಿತು, ಆ ಹೊತ್ತಿಗೆ ನಿಮಗೆ ಯಾವ ಕುತೂಹಲ ಹೋಗಿತ್ತು ಎಂದು ಹೇಳಿ ನೋಡಿ. ಸಿನಿಮಾ ಮಾಡಿದವರಿಗೂ ಅದರಿಂದ ಉಪಯೋಗ, ನೋಡಬೇಕೆಂದಿರುವವರಿಗೂ ಉಪಯೋಗ.

"ನಟನೆ ಅದ್ಭುತ" ಕೂಡ ಅಷ್ಟೇ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷ ಹಿಂದೆ ಒಂದು ಪ್ರಯೋಗ ಮಾಡಿದ್ದರು. ಭಾವನೆಯೇ ಇಲ್ಲದ ಒಬ್ಬ ನಟನ ಮುಖ. ಅದೇ ತುಣುಕನ್ನು ಒಮ್ಮೆ ಊಟದ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಆಡುವ ಮಗುವಿನ ಪಕ್ಕ ಜೋಡಿಸಿ ತೋರಿಸಿದರು. ಅವರ ಶಿಷ್ಯ ಪುಡೊವ್ಕಿನ್ ಬರೆದಿರುವ ಪ್ರಕಾರ, ಚಿಂತೆ, ದುಃಖ, ಸಂತೋಷ ಎಲ್ಲವನ್ನೂ ಎಷ್ಟು ಚೆನ್ನಾಗಿ ನಟಿಸಿದ್ದಾರೆ ಎಂದು ಜನ ಮೆಚ್ಚಿಕೊಂಡರಂತೆ. ನಾವು ನಟನಿಗೆ ಕೊಡುವ ಚಪ್ಪಾಳೆಯಲ್ಲಿ ಸಂಕಲನಕಾರರ ಪಾಲು ಎಷ್ಟಿದೆಯೋ! ನಟನೆ ನೋಡಬೇಕೆಂದರೆ ಮಾತಾಡುವವರನ್ನು ಬಿಟ್ಟು, ಕತ್ತರಿಯಿಲ್ಲದ ಉದ್ದದ ಶಾಟ್‌ನಲ್ಲಿ ಕೇಳಿಸಿಕೊಳ್ಳುತ್ತಾ ನಿಂತವರನ್ನು ನೋಡಿ. ಅಲ್ಲಿ ಮುಚ್ಚಿಡಲು ಜಾಗವಿರುವುದಿಲ್ಲ.

ಕ್ಲೈಮ್ಯಾಕ್ಸ್ ನಮ್ಮನ್ನು ಹೇಗೆ ಕೊಂಡುಕೊಳ್ಳುತ್ತದೆ ಎಂಬುದೂ ತಮಾಷೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 14 ಡಿಗ್ರಿ ತಣ್ಣೀರಿನಲ್ಲಿ ಜನ 60 ಸೆಕೆಂಡ್ ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡ್, ಜೊತೆಗೆ ಇನ್ನೂ 30 ಸೆಕೆಂಡ್. ಆ ಕೊನೆಯ ಭಾಗದಲ್ಲಿ ನೀರನ್ನು ಒಂದು ಡಿಗ್ರಿಯಷ್ಟು ಬೆಚ್ಚಗೆ ಮಾಡಿದ್ದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕೊನೆ ಸ್ವಲ್ಪ ಹಿತವಾಗಿದ್ದರೆ ಹಿಂದಿನ ಕಷ್ಟ ಮರೆತುಹೋಗುತ್ತದೆ. ಎರಡು ಗಂಟೆ ಗೊಣಗಿದವರು ಕೊನೆಯ ಹತ್ತು ನಿಮಿಷಕ್ಕೆ ಸೋತು "ಸೂಪರ್" ಎನ್ನುತ್ತಾ ಹೊರಬರುವುದು ಇದಕ್ಕೇ ಇರಬೇಕು. ಕೊನೆ ಕೆಟ್ಟು ಒಳ್ಳೆಯ ಚಿತ್ರ ಬೈಸಿಕೊಳ್ಳುವುದೂ ಇದಕ್ಕೇ.

ಹಾಗಾದರೆ ಮೊದಲ ಅಭಿಪ್ರಾಯಕ್ಕೆ ಬೆಲೆಯೇ ಇಲ್ಲವೇ? ಇದೆ. 1967ರಲ್ಲಿ ನ್ಯೂಸ್‌ವೀಕ್‌ನ ಜೋ ಮಾರ್ಗನ್‌ಸ್ಟರ್ನ್ 'ಬಾನಿ ಆ್ಯಂಡ್ ಕ್ಲೈಡ್' ಚಿತ್ರವನ್ನು ಚೆನ್ನಾಗಿ ಝಾಡಿಸಿ ಬರೆದರು. ಆಮೇಲೆ ಜನ ತುಂಬಿದ ಚಿತ್ರಮಂದಿರದಲ್ಲಿ ಅದನ್ನು ಮತ್ತೆ ನೋಡಿದರು. ಮುಂದಿನ ವಾರವೇ ಎರಡನೇ ವಿಮರ್ಶೆ ಬರೆದು, ಮೊದಲಿನದನ್ನು ಹಿಂದಕ್ಕೆ ತೆಗೆದುಕೊಂಡರು. ಇಲ್ಲಿ ನನಗೆ ಇಷ್ಟವಾಗುವುದು ಅವರ ವಿನಯವಲ್ಲ. ಮೊದಲ ಬರಹದಲ್ಲಿ ಅವರು ಹಿಂಸೆಯ ಬಗ್ಗೆ, ಅದನ್ನು ತೋರಿಸಿದ ರೀತಿಯ ಬಗ್ಗೆ ನಿರ್ದಿಷ್ಟವಾಗಿ ತಕರಾರು ಎತ್ತಿದ್ದರು. ಅದಕ್ಕೇ ಮರುವಾರ ಆ ತಕರಾರನ್ನೇ ಹಿಡಿದು ಉತ್ತರ ಹೇಳಲು ಆಯಿತು. ಬರೀ ಐದಕ್ಕೆ ಒಂದೂವರೆ ನಕ್ಷತ್ರ ಕೊಟ್ಟು ಎದ್ದುಹೋಗಿದ್ದರೆ ಬದಲಾಯಿಸಲು ಅಂಕಿ ಬಿಟ್ಟು ಏನಿರುತ್ತಿತ್ತು?

ಸಿನಿಮಾ ಮಾಡಿದವರೂ ಮೊದಲ ಮಾತಿಗೆ ಕಿವಿ ಕೊಡುತ್ತಾರೆ. 1968ರಲ್ಲಿ '2001: ಎ ಸ್ಪೇಸ್ ಒಡಿಸ್ಸಿ' ಮೊದಲ ಪ್ರದರ್ಶನಗಳಲ್ಲಿ ಜನ ಎದ್ದುಹೋದರು. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಅದರಿಂದ ಸುಮಾರು 19 ನಿಮಿಷ ತೆಗೆದರು. ನಾವು ಇವತ್ತು ನೋಡುವುದು ಆ ಕಡಿಮೆಯಾದ ಚಿತ್ರವನ್ನು.

ಕೊನೆಯದಾಗಿ, ಕಥೆ ಬಿಟ್ಟುಕೊಡುವ ವಿಚಾರ. ಹೊಸ ಸಿನಿಮಾದ ಬಗ್ಗೆ ವಿವರವಾಗಿ ಹೇಳಿ ಎಂದರೆ ಗುಟ್ಟು ರಟ್ಟಾಗುತ್ತದಲ್ಲ ಎಂದು ನೀವು ಕೇಳಬಹುದು. ನಾನು ಇಟ್ಟುಕೊಂಡಿರುವ ಗೆರೆ ಇದು. ಮೊದಲ ಕಾಲು ಭಾಗದಲ್ಲಿ ನಡೆಯುವುದನ್ನು ಧಾರಾಳವಾಗಿ ಹೇಳಬಹುದು. ಅದರಾಚೆ ಏನಾಗುತ್ತದೆ ಎಂಬುದನ್ನು ಬಿಟ್ಟು, ಹೇಗೆ ತೋರಿಸಿದ್ದಾರೆ ಎಂಬುದನ್ನು ಮಾತ್ರ ಹೇಳಬೇಕು. ಬೆಳಕು, ಮೌನ, ಕ್ಯಾಮೆರಾ ಎಲ್ಲಿ ನಿಂತಿತ್ತು, ಹಾಡು ಕಥೆಯನ್ನು ನಿಲ್ಲಿಸಿತೋ ಮುಂದಕ್ಕೆ ಒಯ್ದಿತೋ, ಇವನ್ನು ಹೇಳಿದರೆ ಯಾರ ಆಟವೂ ಕೆಡುವುದಿಲ್ಲ. ಅಭಿಮಾನಿಗಳಿಗೆ ಅಷ್ಟರಿಂದಲೂ ಸಿಟ್ಟು ಬರಬಹುದು. ಅವರೊಡನೆ ಮೊದಲ ವಾರ ವಾದಕ್ಕೆ ಇಳಿಯಬೇಡಿ. ಎರಡನೇ ವಾರ ಅವರೇ ಬಂದು, "ಆ ಒಂದು ಸೀನ್ ಬೇಡವಾಗಿತ್ತು" ಎನ್ನುತ್ತಾರೆ. ಅಲ್ಲಿಂದ ಮಾತು ಶುರು ಮಾಡಿ.

ಇನ್ನು ನೀವು ಈಚೆಗೆ ನೋಡಿದ ಚಿತ್ರದ ಬಗ್ಗೆ ಹೇಳಿ, ಕೇಳುತ್ತೇನೆ. ನಕ್ಷತ್ರ ಎಷ್ಟು ಎಂದು ಮಾತ್ರ ಬೇಡ.