ಹಚ್ಚುವುದೂ ಔಷಧಿಯೇ

ಕೇಳುಗರಿಗೆ ನಮಸ್ಕಾರ.

ಕಣ್ಣು ತೋರಿಸಲು ಬಂದವರನ್ನು ನಾವು ಕೇಳಿಯೇ ಕೇಳುತ್ತೇವೆ: "ಯಾವುದಾದರೂ ಔಷಧಿ ತಗೊಳ್ತಾ ಇದ್ದೀರಾ?" ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲವನ್ನೂ ಹೇಳುತ್ತಾರೆ. ಮುಖಕ್ಕೆ ಹಚ್ಚುವ ಟ್ಯೂಬಿನ ಸುದ್ದಿ ಮಾತ್ರ ಬರುವುದಿಲ್ಲ. ಕೆದಕಿ ಕೇಳಿದರೆ, "ಅಯ್ಯೋ, ಅದು ಬರೀ ಕ್ರೀಮು ಡಾಕ್ಟ್ರೇ, ಮೆಡಿಕಲ್ ಶಾಪಿನವರೇ ಕೊಟ್ಟಿದ್ದು" ಅನ್ನುತ್ತಾರೆ. ನುಂಗಿದ್ದಷ್ಟೇ ಔಷಧಿ ಎಂಬ ಈ ಲೆಕ್ಕದಿಂದ ಕೆಲವರು ದೃಷ್ಟಿಯನ್ನೇ ಕಳೆದುಕೊಳ್ಳುತ್ತಾರೆ.

ಬಂಗು, ಇಸುಬು, ಹುಳುಕಡ್ಡಿ, ಮೊಡವೆ ಕಲೆ, ಇನ್ನು ಬೆಳ್ಳಗಾಗುವ ಆಸೆ. ಇಷ್ಟಕ್ಕೂ ಒಂದೇ ಟ್ಯೂಬು ಕೈಗೆ ಬರುವುದುಂಟು. ಅದರ ಮೇಲೆ ಸಣ್ಣಕ್ಷರದಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಎಂದೇನಾದರೂ ಇದ್ದರೆ ಅದು ಸ್ಟೀರಾಯ್ಡ್. ಚರ್ಮವೈದ್ಯರು ಲೆಕ್ಕ ಹಾಕಿ ಬರೆದುಕೊಟ್ಟರೆ ಬಹಳ ಒಳ್ಳೆಯ ಔಷಧಿ. ಕೆಂಪು, ತುರಿಕೆ ಎರಡು ಮೂರು ದಿನದಲ್ಲೇ ಇಳಿಯುತ್ತದೆ. ಆದರೆ ತಿಂಗಳುಗಟ್ಟಲೆ ಹಚ್ಚಿದವರು ನಿಲ್ಲಿಸಿದ ಕೂಡಲೇ ಮುಖ ಮತ್ತೆ ಕೆಂಪಾಗಿ ಉರಿಯುತ್ತದೆ, ಮತ್ತೆ ಅದೇ ಟ್ಯೂಬಿಗೆ ಓಡುತ್ತಾರೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಕೇಳುವ ಅಂಗಡಿ ನಿಮ್ಮೂರಲ್ಲಿ ಎಷ್ಟಿವೆಯೋ ನೀವೇ ಹೇಳಬೇಕು.

ಕೆನ್ನೆಗೆ ಹಚ್ಚಿದ್ದು ಕಣ್ಣಿಗೆ ಹೇಗೆ ಹೋಗುತ್ತದೆ? ಇಡೀ ಮೈಯಲ್ಲಿ ರೆಪ್ಪೆಯ ಚರ್ಮವೇ ಅತಿ ತೆಳು. ಅದಕ್ಕೆ ಸವರಿದ ಔಷಧಿ ಸುಲಭವಾಗಿ ಇಳಿದುಬಿಡುತ್ತದೆ. ಜೊತೆಗೆ ಕ್ರೀಮು ಮೆತ್ತಿದ ಕೈಯಲ್ಲೇ ಕಣ್ಣುಜ್ಜುತ್ತೇವೆ, ಹಚ್ಚಿಕೊಂಡೇ ಮಲಗುತ್ತೇವೆ. ಮೊಣಕಾಲಿಗೆ ಒಂದು ವಾರ ಹಚ್ಚಿದವರು ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ನಾನು ಹೇಳುತ್ತಿರುವುದು ಮುಖಕ್ಕೆ, ಅದರಲ್ಲೂ ಕಣ್ಣಿನ ಸುತ್ತ, ತಿಂಗಳು ವರ್ಷ ಎನ್ನದೆ ಹಚ್ಚುವವರಿಗೆ.

ಕಣ್ಣಿನೊಳಗೆ ತಿಳಿನೀರಿನಂಥ ದ್ರವ ಸದಾ ಉತ್ಪತ್ತಿಯಾಗುತ್ತದೆ, ಅಂಚಿನ ಸಣ್ಣ ಜಾಲರಿಯಿಂದ ಹೊರಗೆ ಹರಿಯುತ್ತದೆ. ಬಚ್ಚಲ ಜಾಲರಿಗೆ ಕಸ ಕಟ್ಟಿದಾಗ ನೀರು ನಿಲ್ಲುವುದಿಲ್ಲವೇ, ಸ್ಟೀರಾಯ್ಡ್‌ನಿಂದ ಇಲ್ಲೂ ಹಾಗೆಯೇ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದೊಳಗೆ ಇರುವ ಕಣ್ಣಿನ ಒತ್ತಡ ಏರಿ, ಕಣ್ಣಿನ ನರವನ್ನು ಅದುಮುತ್ತದೆ. ಇದೇ ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಮೊದಲು ಹೋಗುವುದು ಪಕ್ಕದ ನೋಟ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ ಗೊತ್ತೇ ಆಗುವುದಿಲ್ಲ. ಔಷಧಿ ನಿಲ್ಲಿಸಿದರೆ ಬಹುತೇಕರಲ್ಲಿ ಒತ್ತಡ ಕೆಲವು ವಾರಗಳಲ್ಲಿ ಇಳಿಯುತ್ತದೆ. ಸತ್ತ ನರ ಮಾತ್ರ ಮರಳಿ ಚಿಗುರುವುದಿಲ್ಲ.

ಎಲ್ಲರಿಗೂ ಹೀಗಾಗದು. ಸ್ಟೀರಾಯ್ಡ್ ಹನಿಯನ್ನೇ ನೇರವಾಗಿ ಕಣ್ಣಿಗೆ ಕೆಲವು ವಾರ ಹಾಕಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಒತ್ತಡ ಒಂದಷ್ಟು ಏರುತ್ತದೆ, ನೂರರಲ್ಲಿ ಐದಾರು ಮಂದಿಗೆ ವಿಪರೀತ ಏರುತ್ತದೆ. ತಂದೆ ತಾಯಿಗೋ ಅಣ್ಣ ತಮ್ಮಂದಿರಿಗೋ ಗ್ಲಾಕೋಮಾ ಇದ್ದವರು, ಸಕ್ಕರೆ ಕಾಯಿಲೆಯವರು, ಮೈನಸ್ ಕನ್ನಡಕ ಹಾಕುವವರು ಹೆಚ್ಚು ಹುಷಾರಾಗಿರಬೇಕು.

ಇನ್ನೊಂದು ತೊಂದರೆ ಪೊರೆ. ಸ್ಟೀರಾಯ್ಡ್ ಪೊರೆ ಮಸೂರದ ಹಿಂಬದಿಯ ನಟ್ಟನಡುವೆ ಕಟ್ಟುತ್ತದೆ. ಹೀಗಾಗಿ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ರಾತ್ರಿ ಎದುರು ಬರುವ ಲಾರಿಯ ಲೈಟು ತಡೆಯಲಾಗುವುದಿಲ್ಲ, ಓದುವುದೂ ಕಷ್ಟ. ಮೂವತ್ತರ ಹರೆಯದಲ್ಲೂ ಬರಬಹುದು. ಪೊರೆಗಾದರೆ ಆಪರೇಷನ್ ಇದೆ ಅನ್ನುವುದೊಂದು ಸಮಾಧಾನ.

ಮಕ್ಕಳ ವಿಷಯ ಬೇರೆಯೇ ಹೇಳಬೇಕು. ಬೇಸಿಗೆ ಬಂತೆಂದರೆ ಅಲರ್ಜಿಯಿಂದ ಕಣ್ಣುಜ್ಜುವ ಮಕ್ಕಳಿಗೆ ಹೋದ ವರ್ಷದ ಹಳೇ ಚೀಟಿ ತೋರಿಸಿ ಸ್ಟೀರಾಯ್ಡ್ ಹನಿ ತರುವ ಮನೆಗಳಿವೆ. ಇದು ಕ್ರೀಮಿಗಿಂತ ದೊಡ್ಡ ಅಪಾಯ. ಮಗು ತನಗೆ ಪಕ್ಕದ್ದು ಕಾಣುತ್ತಿಲ್ಲ ಎಂದು ಹೇಳುವುದಿಲ್ಲ.

ಇಷ್ಟು ಕೇಳಿ ಇವತ್ತೇ ಟ್ಯೂಬು ಎಸೆಯಬೇಡಿ. ಬಹುಕಾಲ ಹಚ್ಚಿದವರು ಥಟ್ಟನೆ ನಿಲ್ಲಿಸಿದರೆ ಮುಖ ಇನ್ನಷ್ಟು ಕೆರಳುತ್ತದೆ. ಚರ್ಮವೈದ್ಯರು ಹಂತಹಂತವಾಗಿ ಬಿಡಿಸುತ್ತಾರೆ. ರೆಪ್ಪೆಗಾದರೆ ಟ್ಯಾಕ್ರೋಲಿಮಸ್‌ನಂಥ, ಸ್ಟೀರಾಯ್ಡ್ ಅಲ್ಲದ ಮುಲಾಮೂ ಇದೆ. ಕಣ್ಣಿನ ಒತ್ತಡ ನೋಡಲು ಕೆಲವೇ ನಿಮಿಷ ಸಾಕು. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋದಾಗ ಒತ್ತಡದ ಜೊತೆ ನರವನ್ನೂ ನೋಡಿ ಎಂದು ಕೇಳಿ, ಎಷ್ಟು ದಿನದಿಂದ ಏನು ಹಚ್ಚುತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ನಮಸ್ಕಾರ.